ಪೇಟಿಯ ಪಾಡು

ಎಡೆದೊರೆ ನಾಡೆಂದು ಹಳೆಯ ಶಾಸನಗಳು ಹೆಸರಿಸಿರುವ, ರಾಯಚೂರು ದೋಆಬೆಂದು ಈಚಿನವರು ಕರೆಯುವ, ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎರೆನೆಲದ ಚರಿತ್ರೆಯನ್ನು ಓದಿದವರಿಗೆ ಕುದುರೆಗಳ ಖುರಪುಟಧ್ವನಿಯೂ ತೋಪುಗಳ ಗರ್ಜನೆಯೂ ಕೇಳಿಸುವಷ್ಟು ಸ್ಪಷ್ಟವಾಗಿ ಪ್ರಾರ್ಥನೆಯ ದನಿ ಕೇಳಿಸುವುದಿಲ್ಲ. ಬಹಮನಿಯರು, ವಿಜಯನಗರದವರು, ಆದಿಲಶಾಹರು, ನಿಜಾಮರು ಈ ನೆಲಕ್ಕಾಗಿ ಕಾದಾಡಿದ ವರ್ಷಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುವರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದುದಕ್ಕೆ ಒಂದು ಅಂಕ, 1565ರ ರಕ್ಕಸಗಿ ತಂಗಡಗಿಯ ಕಾಳಗಕ್ಕೆ ಇನ್ನೊಂದು ಅಂಕ. ಆ ಎರಡು ಯುದ್ಧಗಳ ನಡುವಣ ಬಿಡುವಿನಲ್ಲಿ, ಬಿಜಾಪುರದ ಗದ್ದುಗೆಯ ಮೇಲೆ ಮೊದಲನೆಯ ಇಬ್ರಾಹಿಂ ಆದಿಲಶಾಹನು ಕುಳಿತಿದ್ದ ಕಾಲದಲ್ಲಿ, ಗೋವೆಯ ಕಡೆಯಿಂದ ಘಟ್ಟವನ್ನೇರಿ ಬಂದ ಯೇಸುಸಭೆಯ ಗುರುಗಳು ಲಿಂಗಸುಗೂರು ಸೀಮೆಯ ಮುದಗಲ್ಲಿನಲ್ಲಿ ಒಂದು ಬಲಿಪೀಠವನ್ನು ನೆಲೆಗೊಳಿಸಿದರೆಂಬ ಸಂಗತಿಗೆ ಮಾತ್ರ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಅಂಕವಿಲ್ಲ. ಗೆಜೆಟಿಯರುಗಳು ಅದಕ್ಕೆ 1557 ಎಂಬ ವರ್ಷವನ್ನು ಹೇಳುವುವು. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂದು ನಾವು ಕತ್ತು ನಿಮಿರಿಸಿ ನೋಡುವ ಗೋಪುರಗಳೆಲ್ಲ ಆ ಲೆಕ್ಕದಲ್ಲಿ ಮುದಗಲ್ಲಿನ ಮೊಮ್ಮಕ್ಕಳ ಮೊಮ್ಮಕ್ಕಳಾಗಬೇಕು.

ನಾನು ಆ ಮತದವನಲ್ಲ. ಸಿಂಧನೂರಿನಲ್ಲಿ ನೆಲೆಸಿ, ಕಾಲುವೆಯ ನೀರುಂಡು ಬೆಳೆದ ಭತ್ತದ ಗದ್ದೆಗಳ ನಡುವೆ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ನನಗೆ ಕ್ರೈಸ್ತರ ಪೂಜಾವಿಧಿಯ ಇತಿಹಾಸದಲ್ಲಿ ಆಸಕ್ತಿ ಮೂಡಿದುದು ಪಾಂಡಿತ್ಯದ ಹಂಬಲದಿಂದಲ್ಲ, ಕಿವಿಯ ಚಾಪಲ್ಯದಿಂದ. ಮುದಗಲ್ಲು ಮೂಲದ ಒಬ್ಬ ಹಿರಿಯ ಮಾಸ್ತರರು ನನಗೆ ಬಹುಕಾಲದ ಸ್ನೇಹಿತರು. ಎಂಬತ್ತರ ಅಂಚಿನಲ್ಲಿರುವ ಅವರು ಬಾಲ್ಯದಲ್ಲಿ ಬಲಿಪೂಜೆಯ ವೇಳೆ ಗುರುಗಳ ಪಕ್ಕದಲ್ಲಿ ನಿಂತು ಕಿರುಘಂಟೆ ಬಾರಿಸಿದವರು, ಯೌವನದಲ್ಲಿ ನಾಟಕದ ಕಂಪನಿಗಳ ಹಿಂದೆ ಅಲೆದು ಹಾರ್ಮೋನಿಯಂ ಕಲಿತವರು, ಮುಪ್ಪಿನಲ್ಲಿ ಅದೇ ಪೇಟಿಯನ್ನು ದೇವಾಲಯದ ಗಾಯನಕ್ಕೆ ಒಪ್ಪಿಸಿದವರು. ಅವರನ್ನು ಕಾಣಲೆಂದು ಸಿಂಧನೂರಿನಿಂದ ಮಸ್ಕಿಯ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಕುಳಿತಾಗಲೆಲ್ಲ, ದೇವರ ಪೂಜೆಗೆ ಮನುಷ್ಯನು ಹೊತ್ತು ತಂದ ವಸ್ತುಗಳಲ್ಲಿ ಯಾವುವು ಈ ನೆಲದಲ್ಲಿ ಬೇರೂರಿದುವು, ಯಾವುವು ಅತಿಥಿಗಳಾಗಿಯೇ ಉಳಿದುವು ಎಂಬ ಯೋಚನೆ ನನ್ನ ತಲೆಯನ್ನು ಹೊಕ್ಕು, ಟಿಕೇಟಿನ ಚಿಲ್ಲರೆಯನ್ನು ಕಂಡಕ್ಟರನಲ್ಲಿಯೇ ಮರೆಯುವಂತೆ ಮಾಡುವುದು.

1557 ಎಂಬ ಆ ವರ್ಷವನ್ನು ಸ್ವಲ್ಪ ತಡೆದು ನೋಡುವುದು ಸಾರ್ಥಕ. ರೋಮನ್ ಪೂಜಾಕ್ರಮವೆಂದರೆ ಅನಾದಿಯಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದುದೆಂಬ ಭಾವನೆ ನಮ್ಮಲ್ಲಿ ಅನೇಕರಿಗಿರುವುದುಂಟು. ಆದರೆ ಮುದಗಲ್ಲಿನಲ್ಲಿ ಮೊದಲ ಮೇಣದ ಬತ್ತಿ ಉರಿದಾಗ, 1545ರಲ್ಲಿ ಸೇರಿದ್ದ ಟ್ರೆಂಟಿನ ಮಹಾಸಭೆ ಇನ್ನೂ ಮುಗಿದಿರಲಿಲ್ಲ. ಅದು ಮುಕ್ತಾಯವಾದುದು 1563ರಲ್ಲಿ. ಜಗದ್ಗುರು ಐದನೆಯ ಪಯಸ್ಸರು ಲ್ಯಾಟಿನ್ ಪೂಜಾಗ್ರಂಥವನ್ನು ಪರಿಷ್ಕರಿಸಿ, ಇನ್ನೂರು ವರ್ಷಕ್ಕೂ ಹಳೆಯದಾದ ಸಂಪ್ರದಾಯವುಳ್ಳವರನ್ನು ಬಿಟ್ಟು ಉಳಿದವರೆಲ್ಲರೂ ಇದನ್ನೇ ಅನುಸರಿಸತಕ್ಕದ್ದೆಂದು ವಿಧಿಸಿದುದು 1570ರಲ್ಲಿ. ಎಂದರೆ, ಯುರೋಪಿನ ಊರೂರಿನಲ್ಲಿಯೂ ಪೂಜೆಯ ಪಾಠಭೇದಗಳು ಬಳಕೆಯಲ್ಲಿದ್ದಾಗಲೇ, ಆ ಪಾಠಗಳನ್ನು ಒಂದುಗೂಡಿಸುವ ಶಾಸನ ಹುಟ್ಟುವುದಕ್ಕೆ ಹದಿಮೂರು ವರ್ಷ ಮುನ್ನವೇ, ಜೋಳದ ಹೊಲಗಳ ನಡುವಣ ಈ ಕೋಟೆಯೂರಿನಲ್ಲಿ ಪೂಜೆ ನಡೆದಿತ್ತು. ಅದೇ ದಶಕದಲ್ಲಿ ರೋಮಿನ ದೇವಾಲಯಗಳಲ್ಲಿ ಪ್ಯಾಲಸ್ಟ್ರೀನನು ಹಲವು ಕಂಠಗಳನ್ನು ಒಂದರೊಳಗೊಂದು ನೆಯ್ದು ಹಾಡಿಸುತ್ತಿದ್ದನು. ತುಂಗಭದ್ರೆಯ ಆಚೆ ದಡದ ಹಂಪೆಯಲ್ಲಿ, ಸಂಪ್ರದಾಯವು ಹೇಳುವ ಕಾಲಮಾನವನ್ನು ನಂಬುವುದಾದರೆ, ವೃದ್ಧರಾದ ಪುರಂದರದಾಸರು ಒಂದೇ ಕಂಠಕ್ಕೆ ಒಂದೇ ತಂಬೂರಿಯನ್ನು ಜೊತೆಗೂಡಿಸಿ ಹಾಡುತ್ತಿದ್ದರು. ಇವರಿಬ್ಬರಲ್ಲಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರುವ ಸಂಭವವಿಲ್ಲ. ಈ ಇಬ್ಬರ ಹಾಡೂ ಕಾಲಾಂತರದಲ್ಲಿ ಒಂದೇ ಪೇಟಿಯ ಮನೆಗಳ ಮೇಲೆ ಬೆರಳಾಡಿಸಿಕೊಳ್ಳುವುದೆಂದು ಯಾವ ಜ್ಯೋತಿಷಿಯೂ ಆಗ ಹೇಳಿರಲಾರನು.

ಮಸ್ಕಿಯ ಬೆಟ್ಟ ಬಸ್ಸಿನ ಕಿಟಕಿಯಲ್ಲಿ ಕಾಣಿಸಿಕೊಂಡಾಗ ಈ ಯೋಚನೆ ಇನ್ನಷ್ಟು ಹಿಂದಕ್ಕೆ ಜಗ್ಗುವುದು. ಅಲ್ಲಿ, 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಮೇಲೆ, ದೇವಾನಾಂಪ್ರಿಯನೆಂಬ ಬಿರುದಿನ ಜೊತೆಯಲ್ಲಿ ಅಶೋಕನೆಂಬ ಸ್ವಂತ ಹೆಸರು ಇರುವುದು ಚರಿತ್ರಕಾರರಿಗೆ ಎಷ್ಟು ದೊಡ್ಡ ಲಾಭವಾಯಿತೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ನನ್ನನ್ನು ಕಾಡುವ ಅಂಶ ಬೇರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಗಧದಿಂದ ಹೊರಟ ಆ ಧರ್ಮಸಂದೇಶವು ಈ ಸೀಮೆಯ ಕುರುಬರಿಗೂ ಒಕ್ಕಲಿಗರಿಗೂ ಅವರ ನುಡಿಯಲ್ಲಿ ಬರಲಿಲ್ಲ; ಪ್ರಾಕೃತದಲ್ಲಿ ಬಂದು, ಬ್ರಾಹ್ಮೀ ಲಿಪಿಯಲ್ಲಿ ಕಲ್ಲಾಗಿ ಕುಳಿತಿತು. ದೂರದಿಂದ ಬಂದ ಧರ್ಮಗಳಿಗೆಲ್ಲ ಇದೊಂದು ಪುರಾತನವಾದ ಮೊಂಡುತನ. ಲ್ಯಾಟಿನ್ ಕೂಡ ಹಾಗೆಯೇ ಬಂದು, ಹಾಗೆಯೇ ನಾಲ್ಕು ನೂರು ವರ್ಷ ಮುದಗಲ್ಲಿನ ಬಲಿಪೀಠದ ಮೇಲೆ ಕುಳಿತಿತು. ಆಗಿನ ಪೂಜೆಯಲ್ಲಿ ಗುರುಗಳು ಸಭೆಗೆ ಬೆನ್ನುಮಾಡಿ ಮೆಲುದನಿಯಲ್ಲಿ ಮಂತ್ರ ಹೇಳುವರು. ಸಭೆಯು ತನ್ನ ಪಾಡಿಗೆ ಕನ್ನಡದಲ್ಲಿ ಜಪಮಾಲೆ ಎಣಿಸುವುದು. ನಾನು ಒಮ್ಮೆ ಕುಚೋದ್ಯಕ್ಕಾಗಿ, "ಅಲ್ರೀ ಮಾಸ್ತರ್ರೆ, ನೀವು ಸಣ್ಣವರಿದ್ದಾಗ ಆ ಲ್ಯಾಟಿನ್ನಿಗೆ ಉತ್ತರ ಹೇಳ್ತಿದ್ರಲ್ಲ, ತಿಳೀತಿತ್ತೇನು?" ಎಂದು ಕೇಳಿದೆನು. ಅವರು ಕನ್ನಡಕ ತೆಗೆದು ಒರೆಸುತ್ತ, "ತಿಳೀತಿದ್ದಿಲ್ರೀ ಸರ. ನಿಮ್ಮ ಮದುವ್ಯಾಗ ನಿಮ್ಮ ಆಚಾರ್ರು ಹೇಳಿದ್ದು ನಿಮಗ ಎಷ್ಟು ತಿಳದಿತ್ತು?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಲ್ಯಾಟಿನ್ನಿನ ಸುದ್ದಿಗೆ ಹೋಗಿಲ್ಲ.

ಗೋವೆಯಿಂದ ಒಳನಾಡಿಗೆ ಹೊರಡುವ ಗುರುವಿನ ಗಂಟುಮೂಟೆಯಲ್ಲಿ ಏನೇನಿರಬೇಕಾಗಿತ್ತೆಂಬುದನ್ನು ಪೂಜೆಯ ನಿಯಮಗಳಿಂದಲೇ ಊಹಿಸಬಹುದು. ಆಶೀರ್ವದಿಸಿದ ಒಂದು ಚಪ್ಪಟೆಕಲ್ಲು, ಏಕೆಂದರೆ ಅಂಥ ಕಲ್ಲಿಲ್ಲದ ಹಲಗೆಯ ಮೇಲೆ ಆಗ ಪೂಜೆ ಸಲ್ಲುತ್ತಿರಲಿಲ್ಲ. ಒಂದು ಪಾನಪಾತ್ರೆ, ಅದರ ಬಟ್ಟಲು ಬೆಳ್ಳಿಯದಾದರೆ ಒಳಮೈಗೆ ಚಿನ್ನದ ಲೇಪವಿರಲೇಬೇಕು. ಋತುವಿಗೂ ಹಬ್ಬಕ್ಕೂ ತಕ್ಕಂತೆ ಬಿಳಿ, ಕೆಂಪು, ಹಸುರು, ನೇರಳೆ ಬಣ್ಣದ ಪೋಷಾಕುಗಳು. ಶಿಲುಬೆ, ಪೂಜಾಗ್ರಂಥ, ಜೇನುಮೇಣದ ಬತ್ತಿಗಳು, ಕಿರುಘಂಟೆ. ಇವೆಲ್ಲಕ್ಕಿಂತ ಮುಖ್ಯವಾಗಿ ದ್ರಾಕ್ಷಾರಸ ಮತ್ತು ಗೋದಿಯ ಹಿಟ್ಟು. ಈ ಕಡೆಯ ಎರಡು ವಸ್ತುಗಳ ವಿಷಯದಲ್ಲಿ ಧರ್ಮಸಭೆಯು ಎಂದಿಗೂ ಸಡಿಲಬಿಟ್ಟಿಲ್ಲ. ಹುದುಗು ಹಾಕದ ಗೋದಿಯ ರೊಟ್ಟಿಯೇ ಆಗಬೇಕು, ಅಕ್ಕಿಯಾಗದು, ಜೋಳವಾಗದು. ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದವನಾದರೂ ಪರಮಪ್ರಸಾದವನ್ನು ಮೆಡಿಟರೇನಿಯನ್ ಸಮುದ್ರತೀರದ ಪೈರಿನಿಂದಲೇ ಸ್ವೀಕರಿಸಬೇಕೆಂಬುದರಲ್ಲಿ ಒಂದು ಭವ್ಯತೆಯಿದೆ, ಒಂದು ಹಟವೂ ಇದೆ. ಮೂರು ಹೊತ್ತೂ ಜೋಳದ ರೊಟ್ಟಿಯನ್ನು ಬಡಿದು ತಿನ್ನುವ ಸೀಮೆಯಲ್ಲಿ, ಭಾನುವಾರ ಮಾತ್ರ ನಾಲಗೆಯ ಮೇಲೆ ಬಂದು ಕರಗುವ ಆ ಗೋದಿಯ ಬಿಲ್ಲೆಯು ಅತಿಥಿಯಾಗಿ ಬಂದುದು, ಇಂದಿಗೂ ಅತಿಥಿಯೇ. ಚಿನ್ನದ ವಿಷಯದಲ್ಲಿ ಮಾತ್ರ ಈ ನಾಡಿಗೆ ಅಂಥ ಸಂಕೋಚವಿರಬೇಕಾದುದಿಲ್ಲ. ಲಿಂಗಸುಗೂರಿನ ಮಗ್ಗುಲಲ್ಲಿಯೇ ಹಟ್ಟಿಯ ಗಣಿಯಿದೆ. ಅಲ್ಲಿಯ ಜನ ಬಂಡೆಯನ್ನು ಕಾಸಿ ಒಡೆದು ಹೊನ್ನು ತೆಗೆಯುತ್ತಿದ್ದ ಕಾಲಕ್ಕೆ ಪೀಟರನಿಗೆ ರೋಮಿನ ದಾರಿ ತಿಳಿದಿರಲಿಲ್ಲ.

ಕಟ್ಟಡದ ವಿಷಯಕ್ಕೆ ಬರುವುದಾದರೆ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಮ್ಮವರು ಚರ್ಚೆಂದೊಡನೆ ಮೊನಚಾದ ಕಮಾನುಗಳನ್ನೂ ಮುಗಿಲಿಗೇರಿದ ಶಿಖರಗಳನ್ನೂ ಕಣ್ಣೆದುರಿಗೆ ತಂದುಕೊಳ್ಳುವುದು ಆ ಮತದ ಇತಿಹಾಸಕ್ಕೆ ಮಾಡುವ ಅನ್ಯಾಯ. ಮೊದಲ ಮುನ್ನೂರು ವರ್ಷ ಆ ಮತಕ್ಕೆ ಶಿಖರವೆಂಬುದೇ ಇರಲಿಲ್ಲ. ಸಿರಿಯಾ ದೇಶದ ಯೂಫ್ರಟೀಸ್ ನದಿಯ ದಡದಲ್ಲಿರುವ ದೂರಾ ಯೂರೋಪಸ್ ಎಂಬ ಹಾಳೂರಿನಲ್ಲಿ, 1930ರ ದಶಕದ ಉತ್ಖನನಗಳು ಬೆಳಕಿಗೆ ತಂದ ಮೂರನೆಯ ಶತಮಾನದ ಪೂಜಾಗೃಹವು ಸಾಮಾನ್ಯ ಗೃಹಸ್ಥನ ಮನೆ. ನಡುವೆ ಅಂಗಳ, ಸುತ್ತ ಕೋಣೆಗಳು, ಎರಡು ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಸಭೆಗೆ ಜಾಗ ಮಾಡಿದ್ದರು. ಅಲ್ಲಿ ದೀಕ್ಷಾಸ್ನಾನದ ಕೋಣೆಯ ಗೋಡೆಯ ಮೇಲೆ ಬರೆದಿರುವ ಚಿತ್ರದಲ್ಲಿ ಒಬ್ಬ ಕುರುಬನು ಕುರಿಯನ್ನು ಹೆಗಲ ಮೇಲೆ ಹೊತ್ತು ನಿಂತಿರುವನು. ಆ ಚಿತ್ರದ ಅಚ್ಚನ್ನು ನಾನು ನೋಡಿದಾಗ ಅದನ್ನು ವಿವರಿಸಿ ಹೇಳಲು ಯಾರೂ ಬೇಕಾಗಲಿಲ್ಲ. ಮಸ್ಕಿ ಲಿಂಗಸುಗೂರುಗಳ ನಡುವಣ ದಾರಿಯಲ್ಲಿ, ನಡೆಯಲಾರದ ಎಳೆಮರಿಯನ್ನು ಕಂಬಳಿಯ ಮೇಲೆ ಹೆಗಲಿಗೇರಿಸಿಕೊಂಡು, ಒಂದು ಕೈಯಲ್ಲಿ ಅದರ ನಾಲ್ಕು ಕಾಲುಗಳನ್ನು ಹಿಡಿದು ನಡೆಯುವ ಹಾಲುಮತದವರನ್ನು ಎಷ್ಟು ಸಲ ಕಂಡಿಲ್ಲ! ಮುಂದೆ ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಶ್ರಯ ಒದಗಿದ ಮೇಲೆ, ಆ ಮತವು ದೊಡ್ಡ ಮನೆಯನ್ನು ಹುಡುಕಿದಾಗ ಕಣ್ಣಿಗೆ ಬಿದ್ದುದು ರೋಮನರ ದೇವಾಲಯವಲ್ಲ, ಅವರ ನ್ಯಾಯಾಲಯವೂ ಸಂತೆಯೂ ಆಗಿದ್ದ ಬಸಿಲಿಕಾ ಎಂಬ ಉದ್ದನೆಯ ಹಜಾರ. ಇದು ತಕ್ಕ ಆಯ್ಕೆ. ದೇವರು ಒಳಗೆ ಇದ್ದು ಭಕ್ತರು ಹೊರಗೆ ನಿಲ್ಲುವ ಗರ್ಭಗುಡಿಯು ಒಂದು ಬಗೆಯ ಪೂಜೆಗೆ ಬೇಕು. ಎಲ್ಲರೂ ಒಳಗೆ ಬಂದು ಒಟ್ಟಿಗೆ ಕುಳಿತು ಓದು ಕೇಳಿ, ಹಾಡಿ, ಉಣ್ಣುವ ಪೂಜೆಗೆ ಕಚೇರಿಯ ಹಜಾರವೇ ಬೇಕು.

ಶಿಖರದ ಗಾಥಿಕ್ ಶೈಲಿ ಹುಟ್ಟಿದುದು ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ. ಮಂಕು ಬಿಸಿಲಿನ ನಾಡಿನವರು ಸಾಧ್ಯವಾದಷ್ಟು ಬೆಳಕನ್ನು ಬಣ್ಣದ ಗಾಜಿನ ಮೂಲಕ ಒಳಗೆ ಬರಮಾಡಿಕೊಳ್ಳಲು ಹೂಡಿದ ಉಪಾಯವದು. ಕೃಷ್ಣರಾಜ ಒಡೆಯರು 1933ರಲ್ಲಿ ಅಸ್ತಿಭಾರವಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳನ್ನು ನೋಡಿ ನಾನೂ ಬೆರಗಾದವನೇ. ಆದರೆ ಏಪ್ರಿಲ್ ತಿಂಗಳಿನಲ್ಲಿ ಬೆಳಕನ್ನು ಹೇಗೆ ಹೊರಗಿಡಬೇಕೆಂಬುದೊಂದೇ ಚಿಂತೆಯಾಗಿರುವ ರಾಯಚೂರು ಸೀಮೆಗೆ ಆ ಶೈಲಿಯು ಒಗ್ಗದು. ದಪ್ಪ ಗೋಡೆ, ಸಣ್ಣ ಕಿಟಕಿ, ತಣ್ಣನೆಯ ಶಹಾಬಾದಿ ಹಾಸುಗಲ್ಲು, ಹೊರಗೆ ಬೇವಿನ ನೆರಳು: ಪ್ರಾರ್ಥನೆಗೆ ಇಷ್ಟು ಸಾಕು, ಇದಕ್ಕಿಂತ ಹೆಚ್ಚಿನದು ಪ್ರದರ್ಶನಕ್ಕೆ. ಈ ನೆಲಕ್ಕೆ ಒಗ್ಗುವ ರೀತಿಯಲ್ಲಿ ಪೂಜೆ ಮಾಡಬಹುದೆಂದು ರೋಮಿನಿಂದ ಅಪ್ಪಣೆ ಬಂದುದು 1969ರ ಏಪ್ರಿಲ್ಲಿನಲ್ಲಿ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಗುರು ಅಮಲೋರ್ಪವದಾಸರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಪೂಜಾವಿಧಿಯ ಕೇಂದ್ರವೇ ಮೊದಲಾದೆಡೆ ಚರ್ಚೆಗಳು ನಡೆದು, ಭಾರತದ ಧರ್ಮಾಧ್ಯಕ್ಷರು ಬೇಡಿದ ಹನ್ನೆರಡು ಅಂಶಗಳಿಗೆ ಒಪ್ಪಿಗೆ ದೊರೆಯಿತು: ಪಾದರಕ್ಷೆ ಬಿಡಬಹುದು, ನೆಲದ ಮೇಲೆ ಕುಳಿತುಕೊಳ್ಳಬಹುದು, ಮಂಡಿಯೂರುವ ಬದಲು ಕೈಮುಗಿದು ತಲೆಬಾಗಬಹುದು, ಎಣ್ಣೆಯ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಅದನ್ನು ಓದಿ ಹೇಳಿದಾಗ ನನ್ನ ಮಾಸ್ತರರು ಬಹಳ ಹೊತ್ತು ನಕ್ಕರು. "ಚಪ್ಲಿ ಹೊರಗ ಬಿಡಾಕ ರೋಮಿಂದ ಕಾಗದ ಬರಬೇಕಾಗಿತ್ತೇನ್ರೀ? ನಮ್ಮವ್ವ ಹಾಕ್ಕೊಂಡು ಹೋಗಾಕ ಚಪ್ಲಿ ಎಲ್ಲಿದ್ವು?" ಎಂದುದಷ್ಟೇ ಅವರ ವ್ಯಾಖ್ಯಾನ.

ಇನ್ನು ಧ್ವನಿ. ಮುದಗಲ್ಲು ಧ್ವನಿಗಳ ಊರು. ಗುಡಿಯ ಗಂಟೆಯನ್ನು ಭಕ್ತನು ತಾನೇ ಬಾರಿಸಿ ತಾನು ಬಂದುದನ್ನು ದೇವರಿಗೆ ತಿಳಿಸುವನು. ಚರ್ಚಿನ ಗಂಟೆಯನ್ನು ಒಬ್ಬನು ಹಗ್ಗ ಹಿಡಿದು ಜಗ್ಗಿ ದೇವರ ಪರವಾಗಿ ಊರನ್ನು ಕರೆಯುವನು. ಆ ಅರ್ಥದಲ್ಲಿ ಅದು ಗುಡಿಯ ಗಂಟೆಗಿಂತ ಮಸೀದಿಯ ಬಾಂಗಿಗೆ ಹತ್ತಿರದ ಸಂಬಂಧಿ. ಮುಂಜಾನೆ, ನಡುಹಗಲು, ಸಂಜೆ ಎಂದು ಮೂರು ಹೊತ್ತು ತ್ರಿಕಾಲಪ್ರಾರ್ಥನೆಗಾಗಿ ಬಾರಿಸುವುದು ಪಶ್ಚಿಮದ ಪದ್ಧತಿ. ಐದು ಹೊತ್ತಿನ ಬಾಂಗಿನ ನಡುವೆ ಅದು ಸೇರಿಕೊಂಡರೆ, ಈ ಊರಿನಲ್ಲಿ ಗಡಿಯಾರವಿಲ್ಲದವನೂ ಹೊತ್ತು ತಪ್ಪಲಾರನು. ಮೊಹರಂ ಬಂತೆಂದರೆ ಈ ಎಲ್ಲ ಸದ್ದನ್ನೂ ಅಲಾಯಿ ಹಬ್ಬದ ಹಲಗೆಗಳು ನುಂಗಿಬಿಡುವುವು. ಮುದಗಲ್ಲಿನ ಅಲಾಯಿ ದೇವರಿಗೆ ಸುತ್ತಲ ಜಿಲ್ಲೆಗಳಿಂದ ಎಲ್ಲ ಜಾತಿಯವರೂ ನೆರೆಯುವರು. ಹೆಜ್ಜೆಮೇಳದವರು ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಅರಬ್ಬೀ ದುಃಖವು ಅಚ್ಚಗನ್ನಡದ ಶೋಕವಾಗಿ, ಕೇಳುವವನ ಗಂಟಲನ್ನು ಕಟ್ಟುವುದು. ಪರದೇಶದ ಸಾವೊಂದನ್ನು ನಮ್ಮ ಮನೆಯ ಸಾವೆಂಬಂತೆ ಅಳುವ ಈ ವಿದ್ಯೆಯನ್ನು ಈ ಸೀಮೆಯವರು ಚೆನ್ನಾಗಿ ಬಲ್ಲರು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ನಿಲುಗಡೆಗಳನ್ನು ಸುತ್ತುವಾಗ ಹಾಡುವ ಮುದುಕಿಯರ ಕಂಠದಲ್ಲಿ ನಾನು ಕೇಳಿದುದು ಅದೇ ವಿದ್ಯೆಯನ್ನು. ಮಂದಿರದ ಧೂಪಕ್ಕೂ ದರ್ಗಾದ ಲೋಬಾನಕ್ಕೂ ಬಲಿಪೀಠದ ಸಾಂಬ್ರಾಣಿಗೂ ಮೂಗು ಭೇದವೆಣಿಸದು, ಕಿವಿಯೂ ಅಷ್ಟೇ. ಜಪಮಣಿಗಳಲ್ಲಿಯೂ ಲೆಕ್ಕ ಮಾತ್ರ ಬೇರೆ: ನಮ್ಮದು ನೂರೆಂಟು, ಮುಸಲ್ಮಾನರ ತಸ್ಬೀಹು ತೊಂಬತ್ತೊಂಬತ್ತು ಇಲ್ಲವೆ ಅದರ ಮೂರರಲ್ಲೊಂದು ಪಾಲು, ಕ್ರೈಸ್ತರ ಸರದಲ್ಲಿ ಐವತ್ತೊಂಬತ್ತು. ಅವರ ಪೂರ್ಣ ಜಪದ ನೂರೈವತ್ತು ಮರಿಯಮ್ಮನ ನಮನಗಳು ನೂರೈವತ್ತು ದಾವೀದನ ಕೀರ್ತನೆಗಳಿಗೆ ಬದಲಾಗಿ, ಲ್ಯಾಟಿನ್ ಓದಲಾರದ ಬಡವರಿಗಾಗಿ ಏರ್ಪಟ್ಟವು.

ಈ ಜಪಮಾಲೆಯು ಒಂದು ಕಾಲದಲ್ಲಿ ಒಳನಾಡಿನ ಸಭೆಗಳಿಗೆಲ್ಲ ದೊಡ್ಡ ಆಸರೆಯಾಗಿದ್ದಿರಬೇಕು. ಪೋರ್ತುಗಾಲದ ಅರಸೊತ್ತಿಗೆಯು 1759ರಲ್ಲಿ ಯೇಸುಸಭೆಯವರನ್ನು ತನ್ನ ರಾಜ್ಯದಿಂದ ಓಡಿಸಿತು. 1773ರಲ್ಲಿ ಜಗದ್ಗುರುಗಳೇ ಆ ಸಭೆಯನ್ನು ವಿಸರ್ಜಿಸಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿ ಮುಂತಾದವರು ಮೈಸೂರು ಸೀಮೆಗೆ ಬಂದು, ಕನ್ನಡ ಕಲಿತು, ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದು ಹೂಡಿದ ಕೆಲಸವೆಲ್ಲ ಅರ್ಧಕ್ಕೆ ನಿಂತಿತು. ಗುರುವಿಲ್ಲದೆ ಬಲಿಪೂಜೆಯಿಲ್ಲ, ಆದರೆ ಜಪಕ್ಕೆ ಗುರು ಬೇಡ, ಹಾಡಿಗೆ ಗುರು ಬೇಡ. ಪಾತ್ರೆಗಳು ಪೆಟ್ಟಿಗೆ ಸೇರಿದಾಗ ಉಳಿಯುವುದು ಬಾಯಿಗೆ ಬಂದುದೊಂದೇ.

ಲಿಂಗಸುಗೂರಿನ ಕಥೆ ಬೇರೆಯದು, ಒಣಗಿದುದು. ಹೈದರಾಬಾದಿನ ಕಂಟಿಂಜೆಂಟ್ ಸೇನೆಯ ದಂಡು ಇಲ್ಲಿ ಬೀಡುಬಿಟ್ಟಿತ್ತು. 1853ರಿಂದ 1860ರವರೆಗೆ ದೋಆಬಿನ ಆಡಳಿತವನ್ನು ಕಂಪನಿಯವರೂ ಅನಂತರ ರಾಣಿಯ ಸರಕಾರದವರೂ ನಡೆಸಿದರು. 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. ದಂಡಿನ ಅಧಿಕಾರಿಗಳ ಭಾನುವಾರದ ಆರಾಧನೆಯೆಂದರೆ ಇಂಗ್ಲಿಷಿನ ಪ್ರಾರ್ಥನಾಪುಸ್ತಕ, ಇಸ್ತ್ರಿಯ ಉಡುಪು, ಗಡಿಯಾರದ ಶಿಸ್ತು. ದಂಡು ಎದ್ದಿತು, ಆರಾಧನೆಯೂ ಎದ್ದುಹೋಯಿತು. ಅದರಿಂದ ನಮ್ಮ ಜನರ ನಾಲಗೆಗೆ ಒಂದು ಸಾಲೂ ಹತ್ತಲಿಲ್ಲ.

ನಾಲಗೆಗೆ ಹತ್ತಿಸುವ ಕೆಲಸವನ್ನು ಹೊತ್ತವರು ಪ್ರೊಟೆಸ್ಟೆಂಟ್ ಪಾದ್ರಿಗಳು. ತುಂಗಭದ್ರೆಯಾಚೆಯ ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಶನ್ನಿನ ಪಾದ್ರಿ 1810ರಲ್ಲಿ ಬಂದು ಕುಳಿತು ಬೈಬಲ್ಲನ್ನು ಕನ್ನಡಿಸಿದನು. 1831ರ ಹೊತ್ತಿಗೆ ಇಡೀ ಗ್ರಂಥವು ಅಚ್ಚಾಯಿತು. ಗದ್ಯಕ್ಕೆ ಒದಗಿದ ಈ ಸೌಭಾಗ್ಯವು ಹಾಡಿಗೆ ಅಷ್ಟು ಬೇಗ ಒದಗಲಿಲ್ಲ. ಜರ್ಮನಿ ಇಂಗ್ಲೆಂಡುಗಳ ರಾಗಗಳನ್ನು ಹಾಗೆಯೇ ಇಟ್ಟುಕೊಂಡು ಕನ್ನಡದ ಮಾತುಗಳನ್ನು ಅವುಗಳೊಳಗೆ ತುರುಕಿದುದರಿಂದ ಆದ ಅವಾಂತರವನ್ನು ಹಳೆಯ ಸಂಗೀತ ಪುಸ್ತಕಗಳನ್ನು ಹಾಡಿ ನೋಡಿದವರು ಬಲ್ಲರು: ಅವರ ರಾಗವು ಒತ್ತಿನ ಮೇಲೆ ನಡೆಯುವುದು, ನಮ್ಮ ಮಾತು ಮಾತ್ರೆಯ ಮೇಲೆ ನಡೆಯುವುದು, ಎಳೆಯಬಾರದ ಹ್ರಸ್ವವು ರಬ್ಬರಿನಂತೆ ಎಳೆಯಲ್ಪಟ್ಟು, ನಿಲ್ಲಬೇಕಾದ ದೀರ್ಘವು ನೂಕಿಸಿಕೊಂಡು ಮುಂದೋಡುವುದು. ಇದನ್ನು ಮೊದಲು ಕಂಡವರಲ್ಲಿ ಕಿಟ್ಟೆಲ್ ಪಾದ್ರಿ ಒಬ್ಬನು. 1894ರ ನಿಘಂಟಿನಿಂದ ಕನ್ನಡಿಗರ ಮನೆಮಾತಾಗಿರುವ ಆತನು 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದವನೆಂಬುದನ್ನು ವಿದ್ವಾಂಸರು ನೆನೆಯುವರು. ಆದರೆ ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಕಥೆಯನ್ನು ಕನ್ನಡದ ಮಟ್ಟುಗಳಲ್ಲಿಯೇ ಹಾಡಿ ಕೇಳಿಸುವ ಕಥಾಮಾಲೆಯನ್ನು ರಚಿಸಿದವನೆಂಬುದನ್ನು ನೆನೆಯುವವರು ವಿರಳ. ನನ್ನ ಮಟ್ಟಿಗೆ ಆತನ ಛಂದಸ್ಸಿನ ಪಾಂಡಿತ್ಯವೆಲ್ಲ ಹಾಡುವವರ ಪರದಾಟವನ್ನು ಕಂಡು ಹುಟ್ಟಿದ ಕನಿಕರದಿಂದಲೇ ಬೆಳೆದುದೆಂದು ತೋರುವುದು.

ಅಂತೂ ಪೇಟಿಯ ಪ್ರಸ್ತಾಪಕ್ಕೆ ಬಂದೆವು. ಪಶ್ಚಿಮದ ದೇವಾಲಯಗಳ ರಾಜವಾದ್ಯ ಆರ್ಗನ್. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಕ್ತೇಸಿಬಿಯಸ್ ಎಂಬ ಯಂತ್ರಶಿಲ್ಪಿ ನೀರಿನ ಒತ್ತಡದಿಂದ ನುಡಿಸಿದ ಕೊಳವೆವಾದ್ಯವು ಅದರ ಮೂಲಪುರುಷ. ರೋಮನರ ಮಲ್ಲಯುದ್ಧದ ಅಖಾಡಗಳಲ್ಲಿ ಮೆರೆದ ಆ ವಾದ್ಯವನ್ನು ಆದಿಕ್ರೈಸ್ತರು ಹತ್ತಿರ ಸೇರಿಸಿರಲಿಲ್ಲ. 757ರಲ್ಲಿ ಬೈಜಾಂಟಿಯಮ್ಮಿನ ಚಕ್ರವರ್ತಿ ಫ್ರಾಂಕರ ದೊರೆ ಪಿಪಿನನಿಗೆ ಒಂದನ್ನು ಕಾಣಿಕೆಯಾಗಿ ಕಳುಹಿಸಿದ ಮೇಲೆ ಅದು ಮೆಲ್ಲಮೆಲ್ಲನೆ ಮಠಗಳನ್ನೂ ದೇವಾಲಯಗಳನ್ನೂ ಹೊಕ್ಕಿತು. ಸಾವಿರ ಕೊಳವೆಗಳ ಆ ಗಜಗಾತ್ರದ ವಾದ್ಯವನ್ನು ಹಡಗಿನಲ್ಲಿ ಹೊತ್ತು ತರುವುದು ಪಾದ್ರಿಗಳಿಗೆ ಅಸಾಧ್ಯ. ಪ್ಯಾರಿಸಿನಲ್ಲಿ ದಬ್ಯಾಂ ಎಂಬವನು 1840ರ ದಶಕದಲ್ಲಿ ಹಾರ್ಮೋನಿಯಮ್ಮಿಗೆ ಹಕ್ಕುಪತ್ರ ಪಡೆದುದು ಅವರಿಗೊಂದು ವರವಾಯಿತು. ಕಾಲಿನಿಂದ ತಿದಿಯೊತ್ತಿ ಎರಡು ಕೈಗಳಿಂದ ನುಡಿಸುವ ಆ ಮೇಜಿನಾಕಾರದ ವಾದ್ಯವನ್ನು ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ, ನೆಲದ ಮೇಲೆ ಪದ್ಮಾಸನ ಹಾಕಿ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದರಿಂದ ನುಡಿಸುವ ಪೆಟ್ಟಿಗೆಯನ್ನಾಗಿ ಕುಗ್ಗಿಸಿದರು. ಅಲ್ಲಿಂದ ಅದರ ದಿಗ್ವಿಜಯವೇ ದಿಗ್ವಿಜಯ. ಗರುಡ ಸದಾಶಿವರಾಯರ, ಏಣಗಿ ಬಾಳಪ್ಪನವರ ನಾಟಕದ ರಂಗದ ಮುಂದೆ ಅದು ಕುಳಿತಿತು. ಭಜನೆಯ ಮನೆಯನ್ನು ಹೊಕ್ಕಿತು. ತತ್ತ್ವಪದದವರ, ದಾಸರ ಪದದವರ, ಕೀರ್ತನಕಾರರ ಜೊತೆಗೂಡಿತು. ಮಾನ್ವಿಯ ಮಗ್ಗುಲಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಇಂದು ಎದ್ದು ಬಂದರೆ, ತಮ್ಮ ಸುಳಾದಿಗಳ ಬೆನ್ನಿಗೆ ಈ ಫ್ರೆಂಚ್ ಪೆಟ್ಟಿಗೆ ಗಾಳಿ ಊದುತ್ತಿರುವುದನ್ನು ಕಂಡು ಏನೆನ್ನುತ್ತಿದ್ದರೋ! ಆಕಾಶವಾಣಿಯವರು 1940ರಲ್ಲಿ ಅದಕ್ಕೆ ಬಹಿಷ್ಕಾರ ಹಾಕಿದರು; ಗಮಕ ನುಡಿಯದ, ಶ್ರುತಿಸೂಕ್ಷ್ಮವಿಲ್ಲದ ಪರದೇಶಿಯೆಂಬುದು ಆರೋಪ. ಆರೋಪ ಸತ್ಯವೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕಾದಲ್ಲಿ ಅದು ಹಾರುವುದು. ಬಹಿಷ್ಕಾರವು 1971ರಲ್ಲಿ ಸಡಿಲವಾಗುವವರೆಗಿನ ಆ ಮೂವತ್ತು ವರ್ಷ ಹಳ್ಳಿಯ ಭಜನಾಮಂಡಳಿಗಳಲ್ಲಿ ಯಾರಿಗೂ ಅಂಥದೊಂದು ನಿಷೇಧವಿದ್ದ ಸುದ್ದಿಯೇ ತಲಪಲಿಲ್ಲವೆಂಬುದೂ ಸತ್ಯ. ಪಾದ್ರಿಗಳು ಗೌರವದಿಂದ ತಂದ ಗೋದಿ, ಲ್ಯಾಟಿನ್, ಮೊನಚುಕಮಾನು ಎಲ್ಲವೂ ನೆಂಟರಾಗಿ ಉಳಿದು, ಬರಿಯ ಊಳಿಗಕ್ಕೆಂದು ಜೊತೆಗೆ ಬಂದ ಈ ಪೇಟಿ ಮಾತ್ರ ಮನೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತು. ಎಷ್ಟರಮಟ್ಟಿಗೆಂದರೆ, ನನ್ನ ಮಾಸ್ತರರು ನಾಟಕದ ಕಂಪನಿಯಲ್ಲಿ ಕಲಿತು ಚರ್ಚಿಗೆ ತಂದಾಗ, ಗುಡಿಯ ವಾದ್ಯವನ್ನು ಬಲಿಪೀಠದ ಬಳಿಗೆ ತರುವುದು ಸರಿಯೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರಂತೆ.

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ನಿಂತು, ಎಡದಂಡೆಯ ಕಾಲುವೆ ಸಿಂಧನೂರಿನ ಎರೆಯನ್ನು ನೆನೆಸಿದ ಮೇಲೆ, ಕರಾವಳಿ ಆಂಧ್ರದ ಒಕ್ಕಲುಗಳು ಬಂದು ಕ್ಯಾಂಪುಗಳನ್ನು ಕಟ್ಟಿದುವು. ಭತ್ತದ ಸಸಿಯೊಡನೆ ತೆಲುಗು ಕ್ರೈಸ್ತರ ಕೀರ್ತನೆಗಳೂ ಬಂದುವು. ಆ ಕೀರ್ತನೆಗಳ ಪರಂಪರೆ ದೊಡ್ಡದು; ಹತ್ತೊಂಬತ್ತನೆಯ ಶತಮಾನದ ಪುರುಷೋತ್ತಮ ಚೌಧರಿಯವರು ಮೊದಲಾದ ವಾಗ್ಗೇಯಕಾರರು ಆಂಗ್ಲರ ಮಟ್ಟುಗಳಿಗೆ ಕಾಯದೆ ಕರ್ನಾಟಕ ರಾಗಗಳಲ್ಲಿಯೇ ಕಟ್ಟಿದುದರಿಂದ, ಅವರ ಪುಸ್ತಕದಲ್ಲಿ ಹಾಡಿನ ನೆತ್ತಿಯ ಮೇಲೆ ರಾಗತಾಳಗಳ ಹೆಸರಿರುವುದು. ಕಿಟ್ಟೆಲನು ಕನ್ನಡಕ್ಕೆ ಬಯಸಿದುದನ್ನು ತೆಲುಗರು ಸದ್ದಿಲ್ಲದೆ ಸಾಧಿಸಿಬಿಟ್ಟಿದ್ದರು. ಕನ್ನಡಿಗನಾಗಿ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ತಗಡಿನ ಸೂರಿನ, ಸುಣ್ಣದ ಗೋಡೆಯ ಆ ಕ್ಯಾಂಪಿನ ಚರ್ಚುಗಳಲ್ಲಿ ನಾಟಿಯ ಕಾಲದ ಭಾನುವಾರಗಳಂದು ಕೂಲಿಯ ಹೆಂಗಸರು ಮೋಹನವನ್ನೂ ಆನಂದಭೈರವಿಯನ್ನೂ ಹೆಸರರಿಯದೆ ಹಾಡುವುದನ್ನು ದಾರಿಯಲ್ಲಿ ನಿಂತು ಕೇಳಿದರೆ, ದೂರಾ ಯೂರೋಪಸ್ಸಿನ ಆ ಮನೆಯಲ್ಲಿ ಯಾವ ಮಟ್ಟು ಕೇಳುತ್ತಿತ್ತೋ ಎಂಬ ಕುತೂಹಲವುಂಟಾಗುವುದು. ಅದನ್ನು ಬರೆದಿಟ್ಟವರಿಲ್ಲ. ಸ್ವರಗಳನ್ನು ಗೆರೆಗಳ ಮೇಲೆ ಬರೆದಿಡುವ ಕ್ರಮವನ್ನು ಅರೆಜ್ಜೋದ ಗೀದೋ ಸನ್ಯಾಸಿ ಹುಡುಗರಿಗೆ ಕಲಿಸಿದುದೇ ಹನ್ನೊಂದನೆಯ ಶತಮಾನದಲ್ಲಿ.

ಈಗ ಕ್ಯಾಂಪುಗಳಲ್ಲಿ ಪೇಟಿಗೂ ಗಂಡಾಂತರ ಬಂದಿದೆ. ಹುಡುಗರು ಕೀಬೋರ್ಡ್ ತಂದಿರುವರು, ಅದಕ್ಕೆ ತಕ್ಕ ಧ್ವನಿವರ್ಧಕವನ್ನೂ ತಂದಿರುವರು. ತಬಲ, ಢೋಲಕ, ಪಿಟೀಲು, ಆರ್ಗನ್ನು ಎಲ್ಲವೂ ಒಂದೊಂದು ಗುಂಡಿಯ ಕೆಳಗೆ ಅಡಗಿರುವುವು. ಮೊನ್ನೆ ಮಾಸ್ತರರು ಸಿಂಧನೂರಿಗೆ ಬಂದಿದ್ದಾಗ ಅಂಥದೊಂದು ಕೂಟಕ್ಕೆ ಇಬ್ಬರೂ ಹೋದೆವು. ಆರ್ಗನ್ನಿನ ಗುಂಡಿ ಒತ್ತಿದಾಗ, ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಣ ಕ್ತೇಸಿಬಿಯಸ್ಸನ ಸಂತಾನವು ಕೊನೆಗೂ ದೋಆಬಿಗೆ ಬಂದು ಮುಟ್ಟಿತೆಂದು ನಾನು ಅವರ ಕಿವಿಯಲ್ಲಿ ಉಸುರಿದೆನು. ಅವರ ಗಮನ ಬೇರೆಡೆಯಿತ್ತು. ಹಾಡು ಮುಗಿದೊಡನೆ ನುಡಿಸುವ ಹುಡುಗನನ್ನು ಹತ್ತಿರ ಕರೆದು, "ತಮ್ಮಾ, ಆ ಅಮ್ಮಗೋಳಿಗೆ ಕರಿ ನಾಕು ಮ್ಯಾಲಾಗ್ತೈತಿ, ಕುತ್ತಿಗಿ ಹರ್ಕೊಳ್ಳಾಕತ್ಯಾರ, ಕರಿ ಎರಡಕ್ಕ ಇಳಸು" ಎಂದರು. ಕರಿ ಎರಡೆಂದರೆ ಪೇಟಿಯ ಎರಡನೆಯ ಕರಿಯ ಮನೆಯ ಶ್ರುತಿಯೆಂದು ತಿಳಿಯದೆ ಹುಡುಗನು ನನ್ನ ಮುಖ ನೋಡಿದನು. ಮಾಸ್ತರರು ಅವನನ್ನು ಸರಿಸಿ ತಾವೇ ಕುಳಿತರು. ಎಡಗೈ ಅಭ್ಯಾಸಬಲದಿಂದ ಇಲ್ಲದ ತಿದಿಯನ್ನು ಹುಡುಕುತ್ತಿತ್ತು.